ಮೂರು ಬೆರಳು ವಾಲಿದ ಗೋಡೆ

ಓದುಮನೆಯ ಸಮಸ್ತ ಸದಸ್ಯರಿಗೂ, ಅವರ ಕುಟುಂಬವರ್ಗಕ್ಕೂ, ಹಿತೈಷಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಹಿಂಗೋಡೆಯ ಎರಡನೇ ಕಿಟಕಿಯ ಚಿಲಕವು ಮಂಗಳವಾರ ಬೆಳಗ್ಗೆ ಹತ್ತೂವರೆಗೆ, ಯಾರೂ ಮುಟ್ಟದಿದ್ದರೂ, ತನ್ನಷ್ಟಕ್ಕೆ ತಾನೇ ಕಳಚಿ ನೆಲಕ್ಕೆ ಬಿದ್ದಿರುತ್ತದೆ. ಸದರಿ ಚಿಲಕವನ್ನು ಕಾರ್ಯದರ್ಶಿಗಳು ತಮ್ಮ ವಶಕ್ಕೆ ತೆಗೆದುಕೊಂಡಿರುತ್ತಾರೆ. ಈ ಗಂಭೀರ ಪರಿಸ್ಥಿತಿಯನ್ನು ಪರಿಶೀಲಿಸಲು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ವಿಶೇಷ ಸಭೆ.

ನೋಟೀಸ್ ಬೋರ್ಡಿನ ಮುಂದೆ ನಿಂತು ಇದನ್ನು ಓದಿದ ಬೈಂಡರ್ ಹುಡುಗಿಗೆ ಮೊದಲು ನಗು ಬಂತು. (ಅವಳಿಗೆ ಮೂವತ್ತಾರು ತುಂಬಿತ್ತು. ಆದರೂ ಹಳೇ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಇಳಿದ ದಿನದಿಂದ ಬೀದಿಗೆಲ್ಲ ಅವಳು ಬೈಂಡರ್ ಹುಡುಗಿಯೇ.) ಒಂದು ಚಿಲಕಕ್ಕೆ ಎಂಥಾ ಅದ್ದೂರಿ ಮರಣವಾರ್ತೆ! ಕೆಳಗಿದ್ದ ಕಾರ್ಯಸೂಚಿಗೆ ಕಣ್ಣು ಜಾರಿದಾಗ ಮಾತ್ರ ನಗು ನಿಂತಿತು. ಬಾಬ್ತು ಒಂದು: ಪ್ರವಾದಿಯ ಓದು. ಬಾಬ್ತು ಎರಡು: ಅಪಾಯಕಾರಿ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಬಗ್ಗೆ.

ಓದುಮನೆ ಎಂದರೆ ಒಂದು ದೊಡ್ಡ ಹಜಾರ, ಎಂಟು ಕಿಟಕಿ, ನಲವತ್ತು ಬೆಂಚು. ಪ್ರತಿ ಶನಿವಾರ ಜನ ಸೇರಿ ಹಳೆಯ ಹೀಬ್ರೂ ಪ್ರವಾದಿಗಳ ಮಾತು ಕೇಳುತ್ತಾರೆ, ಮನೆಗೆ ಹೋಗುತ್ತಾರೆ, ಹಳೆಯ ಹಾಗೇ ಇರುತ್ತಾರೆ. ಹಿಂಗೋಡೆಗೆ ಒರಗಿಕೊಂಡು ಹೊರಗೆ ಒಂದು ಕೋಣೆ ಇದೆ. ಅದರಲ್ಲಿ ಬೈಂಡರ್ ಹುಡುಗಿಯ ಚಿಕ್ಕಮ್ಮ ಇರುತ್ತಾಳೆ. ಗಂಡ ಇಲ್ಲಿ ಕಾವಲುಗಾರನಾಗಿದ್ದ. ಅವನು ಹೋದ ಮೇಲೆ ಗುಡಿಸುವುದು, ಬೀಗ ಹಾಕುವುದು, ಬೆಂಚು ಒರೆಸುವುದು ಇವಳ ಪಾಲಿಗೆ ಬಂತು. ಕೋಣೆಯೂ ಅದರ ಜೊತೆಗೇ ಬಂತು. ಹೊಸ ಕಟ್ಟಡದ ನಕ್ಷೆಯಲ್ಲಿ ಆ ಜಾಗದಲ್ಲಿ ನಾಲ್ಕು ಗೆರೆ ಎಳೆದು 'ವಾಹನ ನಿಲುಗಡೆ' ಎಂದು ಬರೆದಿತ್ತು. ಚಿಕ್ಕಮ್ಮನ ಹತ್ತಿರ ನಿಲ್ಲಿಸಲು ವಾಹನವಿರಲಿಲ್ಲ. ಬೇರೆ ಸೂರೂ ಇರಲಿಲ್ಲ.

ನಕ್ಷೆ ಮಾಡಿಸಿದ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಬೈಂಡರ್ ಹುಡುಗಿಯ ಸೋದರಮಾವ. ಅಂದರೆ ಚಿಕ್ಕಮ್ಮನ ಒಡಹುಟ್ಟಿದ ಅಣ್ಣ. ಸಿಮೆಂಟ್ ಅಂಗಡಿ ಇಟ್ಟುಕೊಂಡ ಮನುಷ್ಯ. ಅವರ ಮಾತೂ ಅವರ ಮಾಲಿನ ಹಾಗೇ: ಬಾಯಿಂದ ಬಿದ್ದ ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತಿತ್ತು, ಆಮೇಲೆ ಗುದ್ದಲಿಗೂ ಬಗ್ಗುತ್ತಿರಲಿಲ್ಲ. ಕಾರ್ಯದರ್ಶಿಯಾದ ಒಂಬತ್ತು ವರ್ಷದಲ್ಲಿ ಕಾರ್ಯ ಕಡಿಮೆ, ದರ್ಶನ ಜಾಸ್ತಿ. ಈಗ ಒಂದು ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಬೇಕೆಂಬ ಆಸೆ ಹತ್ತಿತ್ತು. ಕಲ್ಲು ನಿಲ್ಲಿಸಬೇಕಾದರೆ ಗೋಡೆ ಬೀಳಬೇಕು.

ಶುಕ್ರವಾರ ಬೆಳಗ್ಗೆ ಮಾವ ಬೈಂಡಿಂಗ್ ಕೋಣೆಗೆ ಬಂದರು. ಅವಳು ಹೊಲಿಗೆ ಹಾಕಿದ ಪುಸ್ತಕದ ಬೆನ್ನಿಗೆ ಅಂಟು ಬಳಿಯುತ್ತಿದ್ದಳು.

"ನಾಳೆ ಓದು ನಿಂದೇ ತಾನೆ?"

"ನಂದೇ ಮಾವ."

"ಕುರುಬ ಪ್ರವಾದೀನ ಓದು. ಏಳನೇ ಅಧ್ಯಾಯ. ದೇವರು ನೂಲುಗುಂಡು ಹಿಡ್ಕೊಂಡು ಗೋಡೆ ಪಕ್ಕ ನಿಂತಿರ್ತಾನಲ್ಲ, ಅಲ್ಲೀವರೆಗೆ. ಅಲ್ಲಿಂದ ಮುಂದೆ ಒಂದು ಸಾಲೂ ಬೇಡ. ಪುಸ್ತಕ ಮುಚ್ಚಿಬಿಡು."

ಅವಳಿಗೆ ಆ ಭಾಗ ಬಾಯಿಪಾಠ. ದೇವರು ಮಿಡತೆ ಕಳಿಸುತ್ತೇನೆ ಅನ್ನುತ್ತಾನೆ, ಪ್ರವಾದಿ ಕೈ ಮುಗಿಯುತ್ತಾನೆ, ದೇವರು ಬಿಟ್ಟುಬಿಡುತ್ತಾನೆ. ಬೆಂಕಿ ಕಳಿಸುತ್ತೇನೆ ಅನ್ನುತ್ತಾನೆ, ಮತ್ತೆ ಕೈ ಮುಗಿಯುತ್ತಾನೆ, ಮತ್ತೆ ಬಿಟ್ಟುಬಿಡುತ್ತಾನೆ. ಮೂರನೇ ಸಲ ದಾರದ ತುದಿಗೆ ಗುಂಡು ಕಟ್ಟಿಕೊಂಡು ಬರುತ್ತಾನೆ. ಜನ ಎಷ್ಟು ವಾಲಿದ್ದಾರೆ ಎಂದು ಅಳೆದಾಯಿತು, ಇನ್ನು ಕ್ಷಮೆಯಿಲ್ಲ.

"ನೀನು ಮುಚ್ಚೋದಕ್ಕೂ ನಾನು ತೊಲೆಯಿಂದ ಗುಂಡು ಇಳಿಬಿಡೋದಕ್ಕೂ ಸರಿಹೋಗ್ಬೇಕು. ಗೋಡೆ ಮೂರು ಬೆರಳು ವಾಲಿರೋದು ಎಲ್ಲರ ಕಣ್ಣಿಗೂ ಬೀಳುತ್ತೆ. ಎದೆ ನಡುಗ್ತಿರುವಾಗಲೇ ಕೈ ಎತ್ತಿಸ್ಬೇಕು. ಸೋಮವಾರ ಕೆಡವೋರು ಬರ್ತಾರೆ."

"ಕೋಪದ ಮೇಲೆ ಪುಸ್ತಕ ಮುಚ್ಚೋ ಹಾಗಿಲ್ವಲ್ಲ ಮಾವ ನಮ್ಮಲ್ಲಿ. ಸಮಾಧಾನದ ಮಾತು ಬರೋವರೆಗೂ ಓದ್ಬೇಕು."

"ಎರಡು ಸಲ ದೇವರು ಹೋಗ್ಲಿ ಬಿಡು ಅಂದಿರ್ತಾನಲ್ಲ. ಅದು ಸಮಾಧಾನ ಅಲ್ದೆ ಇನ್ನೇನು?"

"ಅದು ಮುಂಚೆ ಬರೋದು. ಕೊನೇಲಿ ಇರ್ಬೇಕು."

"ನಿನಗೆ ಅಕ್ಷರ ಕಲಿಸಿದ್ದು ಯಾರು?"

"ನೀವೇ."

"ಓದೋದು ಕಲಿಸ್ದೋನಿಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳೋ ಹಕ್ಕೂ ಇದೆ."

ಅವಳು ಕುಂಚ ಕೆಳಗಿಟ್ಟಳು. ಅಪ್ಪ ತೀರಿಕೊಂಡಾಗ ಇವಳಿಗೆ ಆರು ವರ್ಷ. ಸಿಮೆಂಟ್ ಚೀಲದ ಮೇಲೆ ಬೆರಳಲ್ಲಿ ಅಕ್ಷರ ಬರೆಸಿದ್ದು, ಈ ಕೋಣೆ ಹಾಕಿಕೊಟ್ಟಿದ್ದು, ಎರಡೂ ಮಾವನೇ. ಆದರೂ ಕೇಳಿದಳು.

"ಚಿಕ್ಕಮ್ಮ ಎಲ್ಲಿಗೆ ಹೋಗ್ಬೇಕು?"

"ಹತ್ತೊಂಬತ್ತು ವರ್ಷದ ಹಿಂದೆ ಆ ಕಾವಲುಗಾರನ ಕೈ ಹಿಡ್ಕೊಂಡು ಹೋಗುವಾಗ ನನ್ನ ಕೇಳಿ ಹೋದ್ಲಾ? ಈಗ್ಲೂ ಕೇಳೋದು ಬೇಡ." ಮಾವ ಬಾಗಿಲವರೆಗೆ ಹೋಗಿ ತಿರುಗಿದರು. "ಇನ್ನೊಂದು ವಿಷ್ಯ. ಓದು ಮುಗಿದ ಮೇಲೆ ಸಭೆ ಅಂದ್ರೆ ಅರ್ಧ ಜನ ಚಪ್ಪಲಿ ಹುಡ್ಕೋಕೆ ಹೋಗ್ತಾರೆ. ಅದಕ್ಕೇ ಈ ಸಲ ಓದನ್ನೇ ಸಭೆ ಒಳಗೆ ತಗೊಂಡಿದ್ದೀನಿ. ಒಂದನೇ ಬಾಬ್ತು. ಹಾಜರಿ ಮೊದಲೇ ಹಾಕಿಸಿ ಬಾಗಿಲು ಎಳೆಸ್ತೀನಿ. ಯಾರೂ ಅಲ್ಲಾಡೋ ಹಾಗಿಲ್ಲ. ಹೆಂಗಿದೆ?"

"ಚೆನ್ನಾಗಿದೆ ಮಾವ," ಎಂದಳು.

ಮಧ್ಯಾಹ್ನ ಓದುಮನೆಯ ಹಿಂದೆ ಹೋದಾಗ ಗಾರೆ ಮೇಸ್ತ್ರಿ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬಿರುಕಿನೊಳಗೆ ಕಡ್ಡಿ ಆಡಿಸುತ್ತಿದ್ದ. ಗೋಡೆ ಅಳೆಯಲು ಮಾವ ಕರೆಸಿದ್ದು ಅವನನ್ನೇ.

"ನಿಜವಾಗ್ಲೂ ವಾಲಿದೆಯಾ ಮೇಸ್ತ್ರಿ?"

"ಸುಳ್ಳು ಹೇಳೋಕಾಗಲ್ಲಮ್ಮ. ಮೂರು ಬೆರಳು. ಆದ್ರೆ ನಿನ್ನೆ ಮೊನ್ನೆ ವಾಲಿದ್ದಲ್ಲ, ನಮ್ಮಪ್ಪನ ಕಾಲದ್ದು. ಒಳಗಿಂದ ಎರಡು ಒತ್ತುಗಂಬ ಕೊಟ್ಟು, ಬಿರುಕು ತುಂಬಿದ್ರೆ ಸಾಕು, ನಮ್ಮನ್ನೆಲ್ಲ ಕಳಿಸಿಕೊಟ್ಟು ಆಮೇಲೂ ನಿಂತಿರುತ್ತೆ."

"ಮಾವಂಗೆ ಹೇಳಿದ್ರಾ?"

"ಎಷ್ಟು ವಾಲಿದೆ ಅಂತ ಕೇಳಿದ್ರು. ಹೇಳ್ದೆ. ನಿಲ್ಲುತ್ತಾ ಅಂತ ಕೇಳ್ಲಿಲ್ಲ."

"ನಾಳೆ ಸಭೇಲಿ ಹೇಳಿ."

"ನಾನೇನು ಸದಸ್ಯನಾ? ಬಾಗಿಲ ಆಚೆ ನಿಂತು ಕೂಗ್ಲಾ?"

ಕೋಣೆಯೊಳಗೆ ಚಿಕ್ಕಮ್ಮ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಹಳೇ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಒಂದು ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದಳು.

"ಏನು ಚಿಕ್ಕಮ್ಮ ಇದು? ಇನ್ನೂ ತೀರ್ಮಾನವೇ ಆಗಿಲ್ಲ!"

"ನಮ್ಮಣ್ಣ ನೋಟೀಸ್ ಹಾಕಿದ್ದಾನೆ ಅಂದ್ರೆ ಆದ ಹಾಗೇ."

"ಎಲ್ಲಿಗೆ ಹೋಗ್ತೀಯ?"

"ಗೊತ್ತಿದ್ದಿದ್ರೆ ಇಷ್ಟು ನಿಧಾನವಾಗಿ ಕಟ್ತಿದ್ನಾ?" ಚಿಕ್ಕಮ್ಮ ತಲೆ ಎತ್ತಲಿಲ್ಲ. "ನೀನು ಮಾತ್ರ ಅವನಿಗೆ ಎದುರು ನಿಲ್ಬೇಡ ಕಣೆ. ಅವನು ಮುಖ ತಿರುಗಿಸಿದ್ರೆ ಹತ್ತೊಂಬತ್ತು ವರ್ಷ ತಿರುಗಿಸ್ತಾನೆ. ಅದು ಹೆಂಗಿರುತ್ತೆ ಅಂತ ನನಗೆ ಗೊತ್ತು."

ಶನಿವಾರ ಮೂರಕ್ಕೆ ಹಜಾರ ತುಂಬಿತು. ಹಾಜರಿ ಪುಸ್ತಕ ಸುತ್ತಿ ಬಂತು: ಅರವತ್ತೆರಡು ಸಹಿ. ಬಾಗಿಲು ಎಳೆದಾಯಿತು. ಅಧ್ಯಕ್ಷರ ಕುರ್ಚಿಯಲ್ಲಿ ಎಲ್ಲರಿಗಿಂತ ಹಿರಿಯರಾದ ಕಲಂ ತಾತ ಕೂತಿದ್ದರು. ಮೂವತ್ತೈದು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಮೊಮ್ಮಕ್ಕಳನ್ನೂ ಕಲಂ ಪ್ರಕಾರವೇ ಬೈಯುತ್ತಾರೆ ಎಂದು ಪ್ರತೀತಿ. ಕಣ್ಣು ಮುಚ್ಚಿದ್ದರು. ನಿದ್ದೆಯೋ ಧ್ಯಾನವೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಾವ ಮುಂದಿನ ಬೆಂಚಿನಲ್ಲಿ, ತೊಡೆಯ ಮೇಲೆ ನಡವಳಿ ಪುಸ್ತಕ, ಜೇಬಿನಲ್ಲಿ ಗುಂಡು. ಹಿಂದೆ, ಹಿಂಗೋಡೆಯ ಬಾಗಿಲ ಹತ್ತಿರ, ಪೊರಕೆ ಹಿಡಿದು ಚಿಕ್ಕಮ್ಮ.

ಬೈಂಡರ್ ಹುಡುಗಿ ಪುಸ್ತಕ ತೆರೆದಳು. ತೆರೆದ ಪುಸ್ತಕದ ಮುಂದೆ ಯಾರೂ ಮಾತಾಡಬಾರದು, ನಿಂತವರು ಕೂರಬಾರದು, ಕೂತವರು ಏಳಬಾರದು. ಓದುಮನೆಯಲ್ಲಿ ಯಾರೂ ಮುರಿಯದ ಕಟ್ಟಳೆ ಎಂದರೆ ಇದೊಂದೇ.

ಮಿಡತೆ ಬಂತು, ಹೋಯಿತು. ಬೆಂಕಿ ಬಂತು, ಹೋಯಿತು. ದೇವರು ಗುಂಡು ಹಿಡಿದು ಗೋಡೆಯ ಪಕ್ಕ ನಿಂತ. ಅವಳ ದನಿ ತಾನಾಗೇ ಇಳಿಯಿತು. ಇಲ್ಲಿಗೆ ನಿಲ್ಲಿಸಬೇಕು. ಅವಳ ಎಡಗೈ ರಟ್ಟಿನ ಅಂಚಿಗೆ ಹೋಯಿತು. ಅದನ್ನು ನೋಡಿದ್ದೇ ತಡ, ಮಾವ ಎದ್ದೇಬಿಟ್ಟರು. ಸರಸರನೆ ಹಿಂಗೋಡೆಗೆ ಹೋಗಿ ತೊಲೆಯ ಮೊಳೆಗೆ ದಾರ ಸಿಕ್ಕಿಸಿ ಗುಂಡು ಇಳಿಬಿಟ್ಟರು. ಗುಂಡು ಆ ಕಡೆ ಈ ಕಡೆ ತೂಗಿ ನಿಂತಿತು. ಮೇಲೆ ಗೋಡೆಗೆ ತಾಗಿಕೊಂಡಿದ್ದ ದಾರ ಕೆಳಗೆ ಗೋಡೆಯಿಂದ ಮೂರು ಬೆರಳು ದೂರ. ಅರವತ್ತೆರಡು ಮುಖ ಒಟ್ಟಿಗೆ ಹಿಂದಕ್ಕೆ ತಿರುಗಿ ಬಿಳಿಚಿಕೊಂಡವು.

ಮಾವ ಬಾಯಿ ತೆರೆದರು.

ಪುಸ್ತಕ ಇನ್ನೂ ಮುಚ್ಚಿರಲಿಲ್ಲ.

ಅವಳು ತಲೆ ಎತ್ತಿದಾಗ ಕಂಡದ್ದು ಗುಂಡಲ್ಲ, ಚಿಕ್ಕಮ್ಮ. ಎಲ್ಲರೂ ಗೋಡೆಯಿಂದ ದೂರ ವಾಲಿ ಕೂತಿದ್ದಾಗ ಅವಳೊಬ್ಬಳು ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಬೈಂಡರ್ ಹುಡುಗಿಯ ಕೈ ರಟ್ಟು ಬಿಟ್ಟು ಹಾಳೆ ಮಗುಚಿತು.

ಮಾವನ ಬಾಯಿ ಹಾಗೇ ಮುಚ್ಚಿಕೊಂಡಿತು. ಕೂರುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಗುಂಡಿನ ಪಕ್ಕ ಇನ್ನೊಂದು ಗುಂಡಿನಂತೆ ನಿಂತರು. ಕಣ್ಣಲ್ಲೇ 'ಮುಚ್ಚೇ' ಎಂದರು. ಅವಳು ಓದಿದಳು. ಮುಂದೆ ಬರುವುದು ರಾಜನ ಗುಡಿಯ ಪೂಜಾರಿ. ಇದು ದೊಡ್ಡವರ ಜಾಗ, ನಿನ್ನ ಮಾತು ಇಲ್ಲಿ ಬೇಡ, ಬೇರೆ ಊರು ನೋಡಿಕೋ ಎಂದು ಪ್ರವಾದಿಯನ್ನು ಗದರುತ್ತಾನೆ. ಯಾರೋ ಮೂಗಿನಲ್ಲಿ ನಕ್ಕರು. ಮಾವ ಕೆಮ್ಮಿದರು. ಆಮೇಲೆ ಮಾಗಿದ ಹಣ್ಣಿನ ಬುಟ್ಟಿ. ಆಮೇಲೆ ಅಳತೆ ಕಿರಿದು ಮಾಡಿ, ತಕ್ಕಡಿ ಓರೆ ಮಾಡಿ, ಕಸ ಬೆರೆಸಿ ಮಾರುವ ವರ್ತಕರ ಸರದಿ. ಹಜಾರದಲ್ಲಿ ಮನೆ ಕಟ್ಟಿಸಿದವರು ಬಹಳ ಜನವಿದ್ದರು. ಎಲ್ಲರ ಕಣ್ಣೂ ಗೋಡೆಯಿಂದ ಸರಿದು, ನಿಂತಿದ್ದ ಸಿಮೆಂಟ್ ವ್ಯಾಪಾರಿಯ ಮೇಲೆ ಬಂದು ಕೂತವು. ಮಾವನ ಹಣೆಯಿಂದ ಬೆವರು ನೆಟ್ಟಗೆ ಇಳಿಯುತ್ತಿತ್ತು.

ಕುರುಬ ಪ್ರವಾದಿ ಸಮಾಧಾನದ ವಿಷಯದಲ್ಲಿ ಮಹಾ ಜಿಪುಣ. ಪಾತಾಳಕ್ಕೆ ಇಳಿದರೂ ಬಿಡೆ, ಬೆಟ್ಟ ಹತ್ತಿದರೂ ಬಿಡೆ ಎನ್ನುತ್ತಾ ಕೊನೆಯ ಪುಟದವರೆಗೂ ಅಟ್ಟಿಸಿಕೊಂಡು ಬರುತ್ತಾನೆ. ಕಂಬದ ತಲೆಗೆ ಹೊಡೆ, ಹೊಸ್ತಿಲು ಅದುರಲಿ ಎಂಬಲ್ಲಿ ಮುಂದಿನ ಸಾಲಿನ ಅಜ್ಜಿ ಮಗಳ ಕೈ ಹಿಡಿದುಕೊಂಡಳು. ಕೆಡವುವ ಕಡೆಗೇ ಜನ ಮತ್ತೆ ವಾಲುತ್ತಿದ್ದಾರೆ ಎಂದು ಬೈಂಡರ್ ಹುಡುಗಿಗೆ ಅನ್ನಿಸಿತು. ಇನ್ನೈದು ಸಾಲು. ಇನ್ನು ಮೂರು.

ಆಗ ದೇವರ ದನಿ ತಿರುಗಿತು. ಬಿದ್ದ ಗುಡಿಸಲನ್ನು ಎತ್ತಿ ನಿಲ್ಲಿಸುತ್ತಾನಂತೆ. ಅದರ ಬಿರುಕು ಮುಚ್ಚುತ್ತಾನಂತೆ. ಹಾಳಾದದ್ದನ್ನು ಮುಂಚೆ ಇದ್ದ ಹಾಗೇ ಕಟ್ಟುತ್ತಾನಂತೆ. ನೆಟ್ಟವರು ಇನ್ನು ಮುಂದೆ ಕಿತ್ತು ಹೋಗುವುದಿಲ್ಲವಂತೆ. ಅವಳು ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿದಳು. ಎಂದಿನಂತೆ ಅರವತ್ತೆರಡು ಜನ ಎದ್ದು ನಿಂತು, ಎದೆಯ ಭಾರ ಇಳಿಸಿದಂತೆ, ಒಂದೇ ದನಿಯಲ್ಲಿ "ಹಾಗೇ ಆಗಲಿ" ಎಂದರು.

"ಬಾಬ್ತು ಎರಡು!" ಮಾವ ಕೂಗಿದರು. "ಗೋಡೆ ನೋಡಿದ್ರಲ್ಲ, ಕೆಡವೋಕೆ ಒಪ್ಪಿಗೆ ಇರೋರು ಕೈ..."

"ತಡಿ." ಕಲಂ ತಾತ ಕಣ್ಣು ಬಿಟ್ಟರು. "ಓದು ಒಂದನೇ ಬಾಬ್ತಾ?"

"ಹೌದು ತಾತ. ಮುಗೀತಲ್ಲ."

"ಮುಗಿದಿದ್ದಲ್ಲಪ್ಪ, ಪಾಸಾಗಿದ್ದು. ನಮ್ಮ ಓದುಮನೆ ನಿಯಮಾವಳಿ, ಕಲಂ ಒಂಬತ್ತು. ಕಾರ್ಯಸೂಚಿಯ ಯಾವ ಬಾಬ್ತಿಗಾದ್ರೂ ಸಭೆ ಎದ್ದು ನಿಂತು ಹಾಗೇ ಆಗಲಿ ಅಂದ್ರೆ ಅದು ನಿರ್ಣಯ. ಬಿರುಕು ಮುಚ್ಚಬೇಕು, ಮುಂಚಿನ ಹಾಗೇ ಕಟ್ಟಬೇಕು. ಅರವತ್ತೆರಡು ಜನ, ಸರ್ವಾನುಮತ. ಕಲಂ ಹತ್ತು: ಆದ ನಿರ್ಣಯಕ್ಕೆ ಎದುರಾದ ಬಾಬ್ತನ್ನು ಮೂರು ವರ್ಷ ಎತ್ತಕೂಡದು."

"ಅದು ದೇವರ ಮಾತು ತಾತ! ಆ ಗುಡಿಸಲು ಬೇರೆ, ಆ ದೇಶ ಬೇರೆ!"

"ಯಾವ ಗುಡಿಸಲು ಅಂತ ನೀನು ಬಾಬ್ತಲ್ಲಿ ಬರ್ದಿಲ್ಲ."

"ಪ್ರತಿ ಶನಿವಾರ ಅಂತೀವಲ್ಲ ಹಾಗೇ ಆಗಲಿ ಅಂತ! ಒಂದ್ಸಲನಾದ್ರೂ ನಿರ್ಣಯ ಆಗಿದೆಯಾ?"

"ಆಗ ಓದು ಸಭೆಯ ಆಚೆ ಇತ್ತು. ಈಚೆ ತಂದವನು ನೀನು."

ಹಜಾರದಲ್ಲಿ ಗುಸುಗುಸು ಶುರುವಾಯಿತು. ಯಾರೋ ಬಾಗಿಲು ತೆಗೆದು ಮೇಸ್ತ್ರಿಯನ್ನು ಒಳಗೆ ಕರೆದರು; ಅವನು ಒತ್ತುಗಂಬ ಎಲ್ಲಿ ಬರಬೇಕೆಂದು ಕೈಯಿಂದ ಅಳೆದು ತೋರಿಸತೊಡಗಿದ. ಚಿಕ್ಕಮ್ಮ ಬಾಗಿಲ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೈಂಡರ್ ಹುಡುಗಿ ಅವಳ ಕಡೆ ಹೆಜ್ಜೆ ಇಟ್ಟವಳು, ಮಾವನನ್ನು ನೋಡಿ ನಿಂತಳು.

ಮಾವ ಅವಳನ್ನು ನೋಡಲಿಲ್ಲ. ಅವರ ಕೈಯಲ್ಲಿ ನಡವಳಿ ಪುಸ್ತಕ ತೆರೆದಿತ್ತು. ಸಮಯ ಉಳಿಸಲೆಂದು ಕೆಡವುವ ನಿರ್ಣಯವನ್ನು ಹಿಂದಿನ ದಿನವೇ ದುಂಡಗಿನ ಅಕ್ಷರದಲ್ಲಿ, ಶಾಯಿಯಲ್ಲಿ, ಪೂರ್ತಿ ಬರೆದಿಟ್ಟುಕೊಂಡಿದ್ದರು. ಕಲಂ ತಾತ ಕತ್ತು ಚಾಚಿ ನೋಡಿದರು.

"ಹಾಳೆ ಹರಿಯೋ ಹಾಗಿಲ್ಲ. ಕಲಂ ಇಪ್ಪತ್ಮೂರು. ಹೊಡೆದುಹಾಕು. ಹೊಡೆದುಹಾಕಿದ ಒಂದೊಂದು ಸಾಲಿನ ಪಕ್ಕದಲ್ಲೂ ಚಿಕ್ಕ ಸಹಿ ಹಾಕ್ಬೇಕು. ಎಷ್ಟು ಸಾಲಿದೆ?"

ಮಾವ ಬೆರಳಿಟ್ಟು ಎಣಿಸಿದರು.

"ಹದಿನೆಂಟು," ಎಂದು ಹೇಳಿ ಪೆನ್ನಿನ ಮುಚ್ಚಳ ತೆಗೆದರು.