ಎರಡು ಕಳಾವರ್‌ಗೆ ಉತ್ತರ

ದರ್ಜಿಯ ಹೊಲಿಗೆ ಮಿಷನ್ನು ಮಾತಾಡುತ್ತಿತ್ತು. ನಂಬುವವರು ನಂಬಲಿ, ಬಿಡುವವರು ಬಿಡಲಿ. ಲೋಕದ ಮಿಷನ್ನುಗಳೆಲ್ಲ ಟಕಟಕ ಎನ್ನುತ್ತವೆ. ಅವನದು ಹನ್ನೊಂದು ತಿಂಗಳಿಂದ ‘ಎರಡು ಕಳಾವರ್, ಎರಡು ಕಳಾವರ್’ ಎನ್ನುತ್ತಿತ್ತು. ಅದೂ ಸತ್ತುಹೋದ ಭಾವನ ದನಿಯಲ್ಲಿ. ಮೊದಲು ಒಂದು ಸಣ್ಣ ಕೆಮ್ಮು, ಆಮೇಲೆ ಕೂಗು. ಅವನು ಎಣ್ಣೆ ಬಿಟ್ಟ, ಬೆಲ್ಟು ಬದಲಿಸಿದ, ಮೂರು ಊರಿಗೆ ಸಾಲುವಷ್ಟು ಸೂಜಿ ಎಸೆದ. ಕೊನೆಗೆ ಮಿಷನ್ನಿನ ಸಹವಾಸವೇ ಬೇಡವೆಂದು ಕತ್ತರಿ ಹಿಡಿದರೆ, ಕತ್ತರಿಯೂ ಅದನ್ನೇ ಹೇಳಿತು.

ಭಾವ ಎಂದರೆ ಅವನ ಅಕ್ಕನ ಗಂಡ, ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಇಸ್ಪೀಟು ಕ್ಲಬ್ಬಿನಲ್ಲಿ ಎಲ್ಲರೂ ‘ಕೆಂಪು ಪೆನ್ನು’ ಎನ್ನುತ್ತಿದ್ದರು. ಗೋಡೆ ಮೇಲಿನ ನೊಣವನ್ನು ಕಂಡರೂ ಅದು ಪೂರ್ಣವಿರಾಮವೋ ಅಲ್ಪವಿರಾಮವೋ ಎಂದು ನಿಂತು ನೋಡುವ ಆಸಾಮಿ. ತನ್ನ ಮದುವೆಯ ಕಾಗದದಲ್ಲೇ ನಾಲ್ಕು ತಪ್ಪು ಗುರುತಿಸಿ ಮಾವನಿಗೆ ಹಿಂದಿರುಗಿಸಿದವನು.

ಈ ಇಬ್ಬರೂ ಇಪ್ಪತ್ತಾರು ವರ್ಷ ಬ್ರಿಜ್ ಆಟದಲ್ಲಿ ಜೋಡಿ. ಎದುರುಬದುರು ಕೂತರೆ ಎದುರಾಳಿಗಳ ಚಹಾ ಲೋಟದಲ್ಲೇ ಹೆಪ್ಪುಗಟ್ಟುತ್ತಿತ್ತು ಎಂದು ಕ್ಲಬ್ಬಿನಲ್ಲಿ ಈಗಲೂ ಹೇಳುತ್ತಾರೆ. ಬ್ರಿಜ್ ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಾಲ್ಕು ಜನ, ಎರಡು ಜೋಡಿ, ತಲೆಗೆ ಹದಿಮೂರು ಎಲೆ. ಎಲೆ ಇಳಿಸುವ ಮೊದಲು ಹರಾಜು. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಕೈ; ಅಂಥ ಎಷ್ಟು ಕೈ ಗೆಲ್ಲುತ್ತೇವೆ, ಕಳಾವರ್, ಡೈಮನ್, ಆಟಿನ್, ಇಸ್ಪೀಟ್ ಈ ನಾಲ್ಕರಲ್ಲಿ ಯಾವುದು ತುರುಪು ಎಂದು ಸರದಿಯಂತೆ ಕೂಗಬೇಕು. ‘ಎರಡು’ ಎಂದರೆ ಆರರ ಮೇಲೆ ಎರಡು, ಒಟ್ಟು ಎಂಟು ಕೈ. ಜೊತೆಗಾರನಿಗೆ ಕಣ್ಣು ಹೊಡೆಯುವ ಹಾಗಿಲ್ಲ, ಕಾಲು ತುಳಿಯುವ ಹಾಗಿಲ್ಲ. ಹೇಳುವುದನ್ನೆಲ್ಲ ಕೂಗಿನಲ್ಲೇ ಹೇಳಬೇಕು. ಅದಕ್ಕೇ ಪ್ರತಿ ಜೋಡಿಯೂ ಯಾವ ಕೂಗಿಗೆ ಏನರ್ಥ ಎಂದು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತದೆ. ಆ ಒಪ್ಪಂದ ಗುಟ್ಟೂ ಅಲ್ಲ. ಎದುರಾಳಿ ಕೇಳಿದರೆ ಬಿಡಿಸಿ ಹೇಳಬೇಕು.

ಈ ಜೋಡಿಯ ಒಪ್ಪಂದವನ್ನು ಭಾವ ಅಚ್ಚು ಹಾಕಿಸಿ, ರಟ್ಟು ಕಟ್ಟಿಸಿ, ನೂರ ಹನ್ನೆರಡು ಪುಟದ ಪುಸ್ತಕ ಮಾಡಿದ್ದ. ಅದರ ಮೊದಲ ಪುಟದ ಮೊದಲ ನಿಯಮವೇ ಎರಡು ಕಳಾವರ್. ಹಾಗೆಂದರೆ ಕೈಯಲ್ಲಿ ಕಳಾವರ್ ಇದೆ ಎಂದಲ್ಲ. ಎಕ್ಕ, ರಾಜ, ರಾಣಿಯರು ಕೈ ತುಂಬಿ ತುಳುಕುತ್ತಿದ್ದಾರೆ, ನಾನು ಮಾತು ಮುಗಿಸುವ ತನಕ ನೀನು ಬಾಗಿಲು ಹಾಕಬೇಡ ಎಂದು. ಜೊತೆಗಾರನ ಕೈ ಬರಿದಾಗಿದ್ದರೂ ‘ಎರಡು ಡೈಮನ್’ ಎಂದಾದರೂ ಅನ್ನಲೇಬೇಕು. ಪಾಸ್ ಎನ್ನುವ ಹಾಗಿಲ್ಲ; ಎಂದರೆ ಹರಾಜು ಅಲ್ಲಿಗೇ ನಿಂತು ಕಳಾವರೇ ತುರುಪಾಗಿಬಿಡುತ್ತದೆ. ದರ್ಜಿಗೆ ಅದು ತನ್ನ ಹೆಸರಿಗಿಂತ ಚೆನ್ನಾಗಿ ಬಾಯಿಪಾಠ.

ಆದರೂ ಆ ಭಾನುವಾರ ಅವನು ಪಾಸ್ ಎಂದಿದ್ದ.

ಆದದ್ದು ಇಷ್ಟು. ಹಿಂದಿನ ಆಟದಲ್ಲಿ ದರ್ಜಿ ದುಡುಕಿ ಒಂದು ಮೆಟ್ಟಿಲು ಮೇಲಕ್ಕೆ ಕೂಗಿ ಸೋತಿದ್ದ. ಭಾವ ಕೆಂಪು ಪೆನ್ನು ತೆಗೆದು ಅಂಕದ ಚೀಟಿಯ ಮೇಲೆ ಸುತ್ತು ಹಾಕಿದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಎದ್ದು ನಿಂತು, ದರ್ಜಿಯೇ ಪ್ರೀತಿಯಿಂದ ಹೊಲಿದುಕೊಟ್ಟಿದ್ದ ಬೂದಿಬಣ್ಣದ ಕೋಟಿನ ತೋಳನ್ನು ಬೆರಳ ಗೆಣ್ಣಿನ ತನಕ ಎಳೆದು ನಾಲ್ಕೂ ಮೇಜಿಗೆ ತೋರಿಸಿದ.

“ಇವನ ಆಟವೂ ಇವನ ತೋಳಿನ ಥರಾನೇ ಕಣ್ರಯ್ಯಾ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲ್ಲ.”

ಕ್ಲಬ್ಬು ನಕ್ಕಿತು. ಆ ನಗುವಿಗೆ ಫ್ಯಾನು ತಿರುಗುವುದನ್ನು ಬಿಟ್ಟು ಕೇಳಿತು. ಮುಂದಿನ ಆಟಕ್ಕೆ ಎಲೆ ಹಂಚಿದರು. ಭಾವ ಕೆಮ್ಮಿ ‘ಎರಡು ಕಳಾವರ್’ ಎಂದ. ದರ್ಜಿ ತನ್ನ ಎಲೆಗಳನ್ನು ನೋಡಿದ. ಎಲ್ಲಾ ಕಸ, ಒಂದು ಡೈಮನ್ ರಾಣಿ ಬಿಟ್ಟು. ನಿಲ್ಲಬೇಕಲ್ಲವೇ, ಇಗೋ ನಿಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಾಯಲ್ಲಿ ಪಾಸ್ ಎಂದ.

ಇಸ್ಪೀಟನ್ನು ತುರುಪು ಮಾಡಿಕೊಂಡು ಹನ್ನೆರಡು ಕೈ ಬಾಚಬೇಕಿದ್ದ ಎಲೆಗಳು ಭಾವನ ಕೈಯಲ್ಲಿದ್ದವು. ಈಗ ಇದ್ದ ಒಂದೇ ಒಂದು ಪುಟಗೋಸಿ ಕಳಾವರನ್ನು ತುರುಪೆಂದು ಒಪ್ಪಿಕೊಂಡು ಆಡಬೇಕಾಯಿತು. ಎದುರಾಳಿಗಳು ಕಳಾವರನ್ನೇ ಐದು ಸುತ್ತು ಎಳೆದರು. ಭಾವ ಒಂದೊಂದೇ ರಾಜ ರಾಣಿಯನ್ನು ಸುಮ್ಮನೆ ಕೆಳಗೆ ಹಾಕಿದ. ಉಳಿದ ಎಂಟು ಕೈ ಗೆದ್ದ. ಕೂಗಿದ್ದು ಎಂಟು, ಬಂದದ್ದು ಎಂಟು. ಮರೆತುಬಿಟ್ಟೆ ಭಾವ ಎಂದು ದರ್ಜಿ ಹೇಳಿದ. ಭಾವ ಅವನ ಮುಖವನ್ನು ಅಚ್ಚಿಗೆ ಹೋಗುವ ಕೊನೆಯ ಕರಡನ್ನು ನೋಡಿದಂತೆ ನೋಡಿದ. ಪೆನ್ನು ತೆಗೆಯಲಿಲ್ಲ. ಛತ್ರಿ ತೆಗೆದುಕೊಂಡು ಇಳಿದುಹೋದ.

ಸೋಮವಾರ ದರ್ಜಿ ಅಂಗಡಿಯಿಂದ ಚಹಾಕ್ಕೆ ಹೋಗಿದ್ದಾಗ ಭಾವ ಬಂದು ಆ ಕೋಟನ್ನು ಗೂಟಕ್ಕೆ ತಗುಲಿಹಾಕಿ ಹೋಗಿದ್ದ. ಎಡತೋಳಿನ ಮೇಲೆ, ಎಲ್ಲಿ ನಿಲ್ಲಬೇಕೋ ಅಲ್ಲಿ, ಒಂದು ಕೆಂಪು ಗೆರೆ. ಚೀಟಿ ಇಲ್ಲ, ಮಾತಿಲ್ಲ. ಗುರುವಾರ ಮಧ್ಯಾಹ್ನ ಅಚ್ಚುಕೂಟದಲ್ಲಿ, ಕರಡಿನ ಮೇಲೇ ತಲೆಯಿಟ್ಟು ಹೋಗಿಬಿಟ್ಟ. ಹೃದಯ ಎಂದರು ಡಾಕ್ಟರು. ದರ್ಜಿಗೆ ಬೇರೆ ಕಾರಣ ಗೊತ್ತಿತ್ತು.

ಅಂದಿನಿಂದ ಕೋಟು ಗೂಟದಲ್ಲೇ. ಗಿರಾಕಿಗಳ ಬಟ್ಟೆಗಳೆಲ್ಲ ಸತ್ತಂತೆ ತೂಗಿದರೆ ಅದೊಂದು ಮಾತ್ರ ಗಾಳಿಯಿಲ್ಲದಾಗಲೂ ತೋಳಾಡಿಸುತ್ತಿತ್ತು. ಅದಕ್ಕೆ ಬೆನ್ನು ಹಾಕಿ ಕೂತರೆ ಬೆನ್ನು ತಣ್ಣಗಾಗುತ್ತಿತ್ತು, ಮುಖ ಮಾಡಿ ಕೂತರೆ ಹೊಲಿಗೆ ಸೊಟ್ಟಗಾಗುತ್ತಿತ್ತು.

ಇಂಥದರಲ್ಲಿ ಒಂದು ದಿನ ಅಕ್ಕ ಅಂಗಡಿಗೆ ಬಂದು ಬೆಂಚಿನ ಮೇಲೆ ಆ ಪುಸ್ತಕವನ್ನು ಇಟ್ಟಳು. ಅಕ್ಕ ಆಸ್ಪತ್ರೆಯಲ್ಲಿ ಹೆಡ್ ನರ್ಸು. ಅವಳು ಹುಬ್ಬೇರಿಸಿದರೆ ಜ್ವರ ಎರಡು ಡಿಗ್ರಿ ತಾನಾಗಿ ಇಳಿಯುತ್ತಿತ್ತು. ಇಷ್ಟು ವರ್ಷ ಎಲೆ ಮುಟ್ಟಿದವಳಲ್ಲ. ಈಗ ಪುಸ್ತಕವನ್ನು ಅರೆದು ಕುಡಿದಿದ್ದೇನೆ, ವರ್ಷದ ಕಪ್ಪಿನ ಪಂದ್ಯದಲ್ಲಿ ಅವರ ಜಾಗದಲ್ಲಿ ಕೂರುತ್ತೇನೆ, ನೀನೇ ಜೊತೆ ಎಂದಳು. ದರ್ಜಿ ಕಣ್ಣು ನೋವು, ಮದುವೆ ಬಟ್ಟೆಗಳ ರಾಶಿ, ಸೊಂಟ ಎಂದು ಏನೇನೋ ಹೇಳಿದ. ಅಕ್ಕ ಹುಬ್ಬೇರಿಸಿದಳು. ಸೊಂಟ ವಾಸಿಯಾಯಿತು.

ಮೂರು ತಿಂಗಳು ಅಭ್ಯಾಸ ನಡೆಯಿತು. ಅಕ್ಕ ಪ್ರತಿ ಸಲ ಪುಸ್ತಕವನ್ನು ಅವನ ಮೊಣಕೈ ಪಕ್ಕಕ್ಕೇ ಇಡುತ್ತಿದ್ದಳು. ನನಗೆ ಬಾಯಿಪಾಠ ಅಕ್ಕಾ ಎಂದು ಅವನು ಅದನ್ನು ಹಾವಿನ ಬುಟ್ಟಿಯಂತೆ ಪಕ್ಕಕ್ಕೆ ಸರಿಸುತ್ತಿದ್ದ. ಇಂದು ಹೇಳಿಬಿಡುತ್ತೇನೆ, ಮರೆತು ಪಾಸ್ ಅಂದಿದ್ದಲ್ಲ, ಬೇಕೆಂದೇ ಅಂದಿದ್ದು ಎಂದು ನಿಶ್ಚಯಿಸಿ ಹೋಗುವನು. ಅಕ್ಕ ಕೂಗುವ ಮೊದಲು ಥೇಟ್ ಗಂಡನಂತೆ ಕೆಮ್ಮುವಳು. ಅವನು ಎಲೆಗಳ ಹಿಂದೆ ಮುಖ ಅಡಗಿಸುವನು. ಹೇಳಿದರೆ ಗಂಡನ ಜೊತೆ ತಮ್ಮನೂ ಹೋದಂತೆ ಅವಳಿಗೆ. ಹೇಳದಿದ್ದರೆ ಸುಳ್ಳಿನ ಎದುರು ಕೂತು ಆಡುತ್ತಾಳೆ, ಪಾಪ.

ಪಂದ್ಯದ ದಿನ ಮಧ್ಯಾಹ್ನ ಕ್ಲಬ್ಬಿನ ಹದಿನಾಲ್ಕು ಮೆಟ್ಟಿಲು ಅವನಿಗೆ ನೂರ ನಲವತ್ತಾದವು. ಮೇಜಿನ ಹಸಿರು ಬಟ್ಟೆಗಳೆಲ್ಲ ಅವನೇ ಹೊಲಿದದ್ದು. ಅವರಿಗೆ ಸಿಕ್ಕ ಮೇಜಿನ ಅಂಚಿನಲ್ಲಿ, ಹೊಲಿಗೆ ಒಂದು ನೂಲೆಳೆ ಓರೆಯಾದ ಕಡೆ, ಭಾವನ ಹಳೆಯ ಕೆಂಪು ಸುತ್ತು ಇನ್ನೂ ಮಾಸಿರಲಿಲ್ಲ. ಅಕ್ಕನ ಎಡಕ್ಕೆ ಹಲ್ಲಿನ ಡಾಕ್ಟರಮ್ಮ, ಬಲಕ್ಕೆ ಅವರ ಯಜಮಾನರು. ಏಳನೆಯ ಆಟದಲ್ಲಿ ದರ್ಜಿ ಎಲೆಗಳನ್ನು ಬಿಡಿಸಿಕೊಂಡ. ಎಲ್ಲಾ ಕಸ. ಕಸದ ನಡುವೆ ಡೈಮನ್ ರಾಣಿ, ಹನ್ನೊಂದು ತಿಂಗಳ ಹಿಂದೆ ಕಂಡ ಅದೇ ಓರೆನೋಟ.

ಅಕ್ಕ ಕೆಮ್ಮಿದಳು.

“ಎರಡು ಕಳಾವರ್.”

ಡಾಕ್ಟರಮ್ಮ ದರ್ಜಿಯ ಕಡೆ ತಿರುಗಿ, ನಿಮ್ಮ ಒಪ್ಪಂದದಲ್ಲಿ ಇದಕ್ಕೇನರ್ಥ ಎಂದು ಕೇಳಿದರು. ಕೂಗಿನ ಅರ್ಥವನ್ನು ಕೂಗಿದವರ ಜೊತೆಗಾರನೇ ಹೇಳಬೇಕು, ಅದು ಆಟದ ಕಾನೂನು. ದರ್ಜಿ ಮೇಜಿನ ಅಂಚಿನ ಕೆಂಪು ಸುತ್ತನ್ನೇ ನೋಡುತ್ತಾ ಹೇಳಿದ.

“ಕೈ ತುಂಬಾ ಬಲ ಇದೆ ಅಂತ. ನಾನು... ನಾನು ಪಾಸ್ ಹೇಳೋ ಹಾಗಿಲ್ಲ.”

ತನ್ನ ಬಾಯಿಂದಲೇ, ನಾಲ್ವರ ಎದುರು, ಅದನ್ನು ಹೇಳಿಸಿದ್ದು ಯಾರು? ಅವನು ಎರಡು ಡೈಮನ್ ಎಂದ. ಅಕ್ಕ ಎರಡು ಇಸ್ಪೀಟ್ ಎಂದಳು, ಅವನು ಮೂರು ಎಂದ, ಅವಳು ಆರಕ್ಕೆ ಹಾರಿದಳು. ಹನ್ನೆರಡು ಕೈ. ಎಲ್ಲರೂ ಪಾಸ್. ಇನ್ನೇನು ಡಾಕ್ಟರಮ್ಮ ಮೊದಲ ಎಲೆ ಇಳಿಸಬೇಕು, ಅಕ್ಕ ಕೈಯೆತ್ತಿ ತೀರ್ಪುಗಾರರನ್ನು ಕರೆದಳು.

ತೀರ್ಪುಗಾರರು ಹಳೆಯ ಹೆಡ್‌ಮಾಸ್ತರು. ಅವರ ಬೂಟಿನ ಸದ್ದಿಗೆ ಜೋಕರ್ ಕೂಡ ನೆಟ್ಟಗೆ ನಿಲ್ಲುತ್ತದೆ. ಅವರು ಬಂದರು.

“ನನ್ನ ತಮ್ಮ ತಪ್ಪು ವಿವರಣೆ ಕೊಟ್ಟ ಸಾರ್,” ಎಂದಳು ಅಕ್ಕ. “ಆಟ ಶುರುವಾಗೋ ಮುಂಚೆ ತಿದ್ದೋದು ನನ್ನ ಕರ್ತವ್ಯ. ನಮ್ಮ ಒಪ್ಪಂದ ಅದಲ್ಲ.”

ಅವಳು ಪುಸ್ತಕದ ಮೊದಲ ಪುಟ ತೆರೆದು ಕೊಟ್ಟಳು. ಹೆಡ್‌ಮಾಸ್ತರು ಕನ್ನಡಕ ಏರಿಸಿ, ಪಾಠ ಓದುವ ದನಿಯಲ್ಲಿ ಓದಿದರು. ‘ಎರಡು ಕಳಾವರ್: ಅತ್ಯಂತ ಬಲವಾದ ಕೈ. ಜೊತೆಗಾರ ಪಾಸ್ ಹೇಳುವ ಹಾಗಿಲ್ಲ’ ಎಂಬ ಅಚ್ಚಿನಲ್ಲಿ ಕೊನೆಯ ಎರಡು ಮಾತಿಗೆ ಕೆಂಪು ಗೆರೆ ಎಳೆದಿತ್ತು. ಅಂಚಿನಲ್ಲಿ ಭಾವನ ಗುಂಡಗಿನ ಅಕ್ಷರ: ‘ಹೇಳಬಹುದು. ಕಾರಣ ಕೇಳುವ ಹಾಗಿಲ್ಲ.’ ಕೆಳಗೆ ಸಹಿ, ತಾರೀಕು. ಆ ಭಾನುವಾರದ್ದೇ.

ಇದರಿಂದ ನಿಮಗೇನಾದರೂ ನಷ್ಟವಾಯಿತೇ ಎಂದು ಹೆಡ್‌ಮಾಸ್ತರು ಎದುರಾಳಿಗಳನ್ನು ಕೇಳಿದರು. ಇವರು ಪಾಸ್ ಅಂದಿದ್ದರೆ ನಮಗೆ ಹಬ್ಬವಾಗುತ್ತಿತ್ತು ಎಂದು ಡಾಕ್ಟರಮ್ಮನ ಯಜಮಾನರು ನಕ್ಕರು. ಯಾರೂ ಜೊತೆಗೂಡಲಿಲ್ಲ. ಡಾಕ್ಟರಮ್ಮ ಕಳಾವರ್ ಎಕ್ಕ ಇಳಿಸಿದರು.

ದರ್ಜಿ ಈಗ ಡಮ್ಮಿ. ಅಂದರೆ ತನ್ನ ಹದಿಮೂರೂ ಎಲೆಗಳನ್ನು ಮೇಜಿನ ಮೇಲೆ ಅಂಗಾತ ಬಿಡಿಸಿಟ್ಟು, ಬಾಯಿಗೆ ಬೀಗ ಹಾಕಿ ಕೂರಬೇಕು. ಅವನು ಬಿಡಿಸಿಟ್ಟ. ರಾಣಿಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟ. ಆ ಪಾಸ್ ಮರೆವಲ್ಲ ಎಂದು ಭಾವನಿಗೆ ಗೊತ್ತಿತ್ತು. ಛತ್ರಿ ತೆಗೆದುಕೊಂಡು ಇಳಿಯುವಾಗಲೇ ಗೊತ್ತಿತ್ತು. ಜೀವಮಾನದಲ್ಲಿ ಒಂದು ತಪ್ಪನ್ನೂ ಬಿಡದವನು, ಇದೊಂದನ್ನು ತಪ್ಪೆನ್ನಲಾರದೆ, ನಿಯಮವನ್ನೇ ತಿದ್ದಿಬಿಟ್ಟಿದ್ದ.

ಅಕ್ಕ ಹನ್ನೆರಡು ಕೈ ಗೆದ್ದಳು. ಹನ್ನೆರಡನೆಯದು ಡೈಮನ್ ರಾಣಿಯದು. ಕಪ್ಪು ಮಾತ್ರ ಬೇರೆ ಯಾರಿಗೋ ಹೋಯಿತು. ಅದರ ಹಿಡಿ ಮುರಿದಿತ್ತು ಬಿಡಿ.

ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ದರ್ಜಿ ಕಂಬಿ ಹಿಡಿದು ನಿಂತುಬಿಟ್ಟ.

“ಮೂರು ತಿಂಗಳು ಪುಸ್ತಕ ನಿನ್ನ ಮೊಣಕೈಗೆ ತಾಗೋ ಹಾಗೆ ಇಟ್ಟೆ ಕಣೋ,” ಎಂದಳು ಅಕ್ಕ, ತಿರುಗದೆ. “ಒಂದು ಸಲ ತೆಗೆದು ನೋಡಲಿಲ್ಲ ನೀನು.”

“ಯಾಕೆ ಅಂತ ನೀನೂ ಕೇಳಲ್ವಾ?”

“ಕೇಳೋ ಹಾಗಿಲ್ಲ ಅಂತ ಬರೆದಿದಾರಲ್ಲ.” ಅವಳು ಒಂದು ಮೆಟ್ಟಿಲು ಇಳಿದಳು. “ಹೇಳೋ ಹಾಗಿಲ್ಲ ಅಂತ ಬರೆದಿಲ್ಲ.”

“ಮರೆತಿರಲಿಲ್ಲ ಅಕ್ಕಾ. ಬೇಕೂಂತಲೇ ಅಂದೆ. ಎಲ್ಲರೂ ನಕ್ಕರಲ್ಲ, ಅದಕ್ಕೆ.”

ಕೆಳಗೆ ಬೀದಿಯಲ್ಲಿ ಮೂರು ಬಸ್ಸು ಹೋದವು. ಆಮೇಲೆ ಅಕ್ಕ, ಅವರು ಅವತ್ತು ಊಟ ಮಾಡಲಿಲ್ಲ, ಆ ಒಂದು ಸಾಲಿಗೆ ನಾಲ್ಕು ಹಾಳೆ ಕರಡು ಹರಿದರು ಎಂದಳು. ತಮ್ಮನ ತೋಳು ಹಿಡಿದು ಇಳಿದಳು. ಹಿಡಿತ ಗಟ್ಟಿಯಾಗಿತ್ತು, ಕ್ಷಮೆಯೋ ಸಿಟ್ಟೋ ದರ್ಜಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಅವನು ಅಂಗಡಿ ತೆರೆದು ಮೊದಲು ಗೂಟದಿಂದ ಕೋಟನ್ನು ಇಳಿಸಿದ. ಹನ್ನೊಂದು ತಿಂಗಳ ಧೂಳಿಗೆ ಇಡೀ ಬೀದಿ ಸೀನಿತು. ಕೆಂಪು ಗೆರೆಯ ಮೇಲೆ ಮಡಿಕೆ ಹಾಕಿ, ತೋಳನ್ನು ಸೂಜಿಯ ಕೆಳಗೆ ಇಟ್ಟು, ಪೆಡಲ್ ಒತ್ತಿದ. ಸಣ್ಣ ಕೆಮ್ಮು. ಎರಡು ಕಳಾವರ್, ಎರಡು ಕಳಾವರ್.

“ಎರಡು ಡೈಮನ್, ಭಾವ,” ಎಂದ ದರ್ಜಿ.

ಮಿಷನ್ನು ನಿಂತಿತು. ಅವನ ಕಾಲು ಪೆಡಲ್ ಒತ್ತುತ್ತಲೇ ಇತ್ತು, ಚಕ್ರ ತಿರುಗಲಿಲ್ಲ. ಅಂಗಡಿಯ ತುಂಬ, ಎಲೆಗಳನ್ನು ಕೈಯಲ್ಲಿ ಜೋಡಿಸಿಕೊಳ್ಳುತ್ತಾ ಯೋಚಿಸುವವನ ಮೌನ. ದರ್ಜಿ ಕಾದ. ತೋಳು ಇನ್ನೂ ಅರ್ಧ ಉಳಿದಿತ್ತು, ಇನ್ನೊಂದು ತೋಳು ಪೂರಾ ಉಳಿದಿತ್ತು. ಆಮೇಲೆ, ಬೆನ್ನ ಹಿಂದೆ, ಖಾಲಿ ಗೂಟದ ಕಡೆಯಿಂದ, ಯಾರೋ ಮೆಲ್ಲಗೆ ಕೆಮ್ಮಿದರು.