ರೋಮದ ಹೂವು, ಜುಟ್ಟಿನ ಹೂವು

೧
ಎಲ್ಲಿಂದ ಶುರು ಮಾಡುವುದು? ಹೂವಿನಿಂದ ಎಂದರೆ ಪಾಠವಾಗುತ್ತದೆ. ಅಕ್ಕನ ಕಣ್ಣಿನಿಂದ ಎಂದರೆ ಈಗಲೇ ಗುಟ್ಟು ರಟ್ಟಾಗುತ್ತದೆ. (ಆಯಿತು ನೋಡಿ!) ತಂಗಿಯ ಪೆನ್ಸಿಲಿನಿಂದ ಹೊರಡೋಣ.

ಅಕ್ಕ ಸಸ್ಯಶಾಸ್ತ್ರಜ್ಞೆ, ತಂಗಿ ಅವಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಮೇಜಿನ ಮೇಲೆ ನೀರಿನ ತಟ್ಟೆಗಳಲ್ಲಿ ಜೌಗಿನಿಂದ ತಂದ ಎರಡು ಬಿಳಿ ಹೂವು. ದೂರಕ್ಕೆ ಅವಳಿ-ಜವಳಿ. ಹತ್ತಿರ ಹೋದರೆ ಒಂದರ ದಳದ ತುಂಬ ನವಿರು ರೋಮ. ಇನ್ನೊಂದರದು ನುಣುಪು, ನಡುವೆ ಕೋಳಿಜುಟ್ಟಿನಂಥ ಮಡಿಕೆ. ಎರಡೂ ಒಂದೇ ದಿನದ ನೆಂಟರು. ಸಂಜೆಗೆ ಕರಗಿ ಲೋಳೆ. ತಂಗಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.

"ರೋಮದ್ದು ಮೊದಲು ಬರಿ," ಎಂದು ಅಕ್ಕ ಒಂದನ್ನು ಎತ್ತಿಕೊಟ್ಟಳು. "ನೋಡು, ಎಷ್ಟು ದಟ್ಟ!"

ಅದು ನುಣುಪಿನದು.

೨
ಇಲ್ಲಿ ನಾನು 'ತಂಗಿ ತಕ್ಷಣ ನಿಜ ಹೇಳಿದಳು' ಎಂದು ಬರೆದೆ. ಹೊಡೆದುಹಾಕಿದೆ. ನೀವಾಗಿದ್ದರೆ ಹೇಳುತ್ತಿದ್ದಿರಾ, ಪೆನ್ಸಿಲ್ ಹಿಡಿಯಲು ಕಲಿಸಿದವಳಿಗೇ, ನಿನಗೆ ಕಾಣಿಸುತ್ತಿಲ್ಲ ಎಂದು?

ತಂಗಿ ಆ ದಳಕ್ಕೆ ಇಲ್ಲದ ರೋಮ ಬರೆಯತೊಡಗಿದಳು. ಕೈ ಓಡಲಿಲ್ಲ. ಎದ್ದು ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಹೂವು ಬಾಡುತ್ತೆ, ಕೂತ್ಕೋ."

"ಅಕ್ಕಾ, ಇದನ್ನ ಒಂದ್ಸಲ ತುಟಿಗೆ ತಾಗಿಸಿ ನೋಡು."

"ಹುಚ್ಚೇನೇ ನಿಂಗೆ?"

"ನೋಡೇ."

ದಳ ಅಕ್ಕನ ತುಟಿಯ ಮೇಲೆ ಜಾರಿತು, ಎಲ್ಲೂ ತಡೆಯದೆ. ಅವಳ ಮುಖದ ನಗು ಇಳಿದುಹೋಯಿತು.

೪
(ಮೂರನೆಯದು ಕಣ್ಣೀರಿನ ದೃಶ್ಯವಾಗಿತ್ತು. "ನನ್ನ ಅಳಿಸಿದ್ರೆ ಹುಷಾರ್!" ಎಂದು ಅಕ್ಕ ನನ್ನ ಮೇಲೇ ರೇಗಿದಳು. ಕಿತ್ತುಹಾಕಿದೆ.)

"ಯಾವಾಗಿಂದ ಗೊತ್ತು ನಿಂಗೆ?" ಅಕ್ಕ ತಂಗಿಯತ್ತ ತಿರುಗಿದಳು.

"ಈಗ ತಾನೇ."

"ಸುಳ್ಳು."

"ಹ್ಞೂಂ, ಸುಳ್ಳು."

ಅಕ್ಕ ಕೈ ಚಾಚಿದಳು. "ಇನ್ನೊಂದು ಕೊಡು." ಅದನ್ನೂ ತುಟಿಗೆ ಇಟ್ಟಳು. "ಕಚಗುಳಿ! ಇದು ರೋಮದ್ದು."

೫
ನನ್ನ ಬಳಿ ಎರಡು ಮುಕ್ತಾಯ ರೆಡಿ ಇದ್ದವು: ಡಾಕ್ಟರು ಕಣ್ಣು ವಾಸಿ ಮಾಡುತ್ತಾರೆ, ಅಥವಾ ಅಕ್ಕ ಕೆಲಸ ಬಿಡುತ್ತಾಳೆ. ತಂಗಿ ಮೊದಲನೆಯದಕ್ಕೆ ಜೋತುಬಿದ್ದಳು.

"ನಾಳೆ ಡಾಕ್ಟರ ಹತ್ರ ಹೋಗೋಣ."

"ಹೋಗೋಣ. ಈಗ ಕಣ್ಣು ಮುಚ್ಕೋ."

"ಯಾಕೆ?"

"ನಂಗಿರೋ ತುಟಿ ನಿಂಗಿಲ್ವಾ? ಯಾವ ಹೂವು, ಹೇಳು."

ತಂಗಿ ಕಣ್ಣು ಮುಚ್ಚಿದಳು. ದಳ ತಾಗಿತು. ರೋಮವೋ ನುಣುಪೋ, ಅವಳಿಗೆ ತಿಳಿಯಲಿಲ್ಲ. ಅಕ್ಕ ದಳವನ್ನು ಇನ್ನಷ್ಟು ಒತ್ತಿ ಹಿಡಿದಳು.

"ಹೇಳೇ!"

ಉತ್ತರ ನನಗೆ ಗೊತ್ತು, ಕಿವಿಯಲ್ಲಿ ಪಿಸುಗುಟ್ಟಲೂಬಹುದು. ಆದರೆ ಈಗಲೂ ಕಲಿಸುವವಳು ಅಕ್ಕನೇ. ಅಕ್ಕ ದಳ ತೆಗೆಯುತ್ತಿಲ್ಲ, ತಂಗಿ ಕಣ್ಣು ತೆರೆಯುತ್ತಿಲ್ಲ.