ಬಳಕೆಯಿಲ್ಲದ ಯಂತ್ರಗಳು

ಸರ್ಕಾರಿ ಆಸ್ಪತ್ರೆಯ ರಕ್ತದ ಬಟ್ಟೆ ಒಗೆದೂ ಒಗೆದೂ ಅಕ್ಕನ ಉಗುರುಗಳು ಸೋಡಾ ನೀರಿಗೆ ಸವೆದುಹೋಗಿದ್ದವು. ಆಸ್ಪತ್ರೆಗೆಲ್ಲ ಅವಳು ಅಕ್ಕನೇ. ಒಡಹುಟ್ಟಿದವನು ಮಾತ್ರ ಒಬ್ಬನೇ, ಬಡಗಿ. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ಉಳಿ ಬಿಟ್ಟು ಡಯಾಲಿಸಿಸ್ ವಾರ್ಡಿನ ಮಂಚ ಹಿಡಿದಿದ್ದ. ಸೂಜಿ ಚುಚ್ಚಲೆಂದು ಜೋಡಿಸಿದ್ದ ರಕ್ತನಾಳ ಎಡಗೈಯಲ್ಲಿ ಹಗ್ಗದಂತೆ ಉಬ್ಬಿತ್ತು.

"ಈ ಕೈಗೆ ಪೆಟ್ಟು ಬಿದ್ರೆ ರಕ್ತ ನಿಲ್ಲಲ್ಲ ಕಣಪ್ಪಾ," ಎನ್ನುತ್ತಿದ್ದಳು ನರ್ಸಮ್ಮ.

ಆಸ್ಪತ್ರೆಗೆ ಸುರಿದ ದುಡ್ಡು ಯಾರನ್ನು ತಲುಪುತ್ತಿದೆ ಎಂದು ನೋಡಲು ಸರ್ಕಾರದ್ದೇ ಅಧ್ಯಯನ ಸಂಸ್ಥೆಯಿಂದ ಒಬ್ಬ ಸಂಶೋಧಕಿ ಬಂದಿದ್ದಳು. ವಾರ್ಡಿನೊಳಗೆ ಅರ್ಧ ಯಂತ್ರಗಳು ಸುಮ್ಮನೆ ನಿಂತಿದ್ದವು, ಹೊರಗೆ ರೋಗಿಗಳು ನೆಲದ ಮೇಲೆ ಬಿದ್ದಿದ್ದರು. ಯಂತ್ರ ನಡೆಸುವವರನ್ನು ಸರ್ಕಾರ ಕೊಟ್ಟಿರಲಿಲ್ಲ. ಅವಳು ಕಂಡದ್ದನ್ನೇ ಬರೆದಳು.

ಅಷ್ಟರಲ್ಲಿ ಸಂಸ್ಥೆಯ ಮುಖ್ಯಸ್ಥರನ್ನು ಎತ್ತಂಗಡಿ ಮಾಡಿ ಮಂತ್ರಿಯ ಕಡೆಯವನನ್ನು ಕೂರಿಸಿದರು. ವರದಿ ಅಚ್ಚಾಗಿ ಬಂದಾಗ ಮಾತೇ ಬೇರೆಯಾಗಿತ್ತು. ಯಂತ್ರಗಳಿಗೆ ಬಳಕೆಯಿಲ್ಲ, ಖಾಸಗಿ ಆಸ್ಪತ್ರೆಗೆ ಒಪ್ಪಿಸುವುದು ಲಾಭ. ಆ ಖಾಸಗಿ ಆಸ್ಪತ್ರೆ ಮಂತ್ರಿಯ ಭಾವಮೈದುನನದು.

ಹಾಡಹಗಲೇ ಕಾವಲುಗಾರರ ಜೊತೆ ಲಾರಿ ಬಂತು. ಯಂತ್ರಗಳನ್ನೆಲ್ಲ ಏರಿಸಿ ಆಗಿತ್ತು. ಸುದ್ದಿ ತಿಳಿದು ಓಡಿಬಂದ ಸಂಶೋಧಕಿ, ತಮ್ಮನ ಪಕ್ಕದಲ್ಲಿದ್ದ ಅಕ್ಕನ ಮುಂದೆ ನಿಂತು, "ನಾನು ಹೀಗೆ ಬರೆದಿಲ್ಲ," ಎಂದಳು.

"ನನ್ ಹತ್ರ ಯಾಕಮ್ಮಾ ಹೇಳ್ತೀಯ? ಅಲ್ಲಿ ಹೋಗಿ ಹೇಳು."

"ಕೆಲಸ ಹೋಗುತ್ತೆ."

"ಇವನ ಜೀವ ಹೋಗುತ್ತೆ."

ಸಂಶೋಧಕಿ ಲಾರಿಯ ಮುಂದೆ ಹೋಗಿ ನಿಂತಳು. "ಈ ವರದಿ ಸುಳ್ಳು. ತಿದ್ದಿದ್ದಾರೆ. ಬರೆದವಳು ನಾನೇ ಹೇಳ್ತಿದೀನಿ."

ಕಾವಲುಗಾರನೊಬ್ಬ ಅವಳ ಬಾಯಿಗೇ ಲಾಠಿ ಬೀಸಿದ. ತುಟಿ ಸೀಳಿತು. ನೆಲದ ಮೇಲಿದ್ದ ರೋಗಿಗಳು ಎದ್ದರು. ಕೆಲವರು ಗೋಡೆ ಹಿಡಿದು, ಕೆಲವರು ತೆವಳಿಕೊಂಡು ಲಾರಿಯ ಚಕ್ರಗಳಿಗೆ ಅಡ್ಡ ಬಿದ್ದರು. ಕಾವಲುಗಾರರು ಕಾಲು ಹಿಡಿದು ಎಳೆದರು, ಬೂಟಿನಿಂದ ಪಕ್ಕೆಗೆ ಒದ್ದರು. ಬಡಗಿ ಒಬ್ಬ ಮುದುಕಿಯ ಮೇಲೆ ಬಾಗಿ ಅಡ್ಡ ಕೈ ಕೊಟ್ಟ. ಎಡಗೈ. ಲಾಠಿ ಅದೇ ಉಬ್ಬಿದ ಜಾಗಕ್ಕೆ ಬಿತ್ತು.

ರಕ್ತ ಚಿಮ್ಮಿ ಕಾವಲುಗಾರನ ಮುಖಕ್ಕೆ ಹಾರಿತು. ಅವನು ಲಾಠಿ ಬಿಟ್ಟು ಹಿಂದಕ್ಕೆ ಸರಿದ. ಅಕ್ಕ ತಮ್ಮನನ್ನು ತೊಡೆಗೆ ಹಾಕಿಕೊಂಡು ಸೆರಗು ಒತ್ತಿದಳು. ನರ್ಸಮ್ಮ ಬಂದು ಮೊಣಕಾಲೂರಿ ಒತ್ತಿದಳು. ಬೆರಳ ಸಂದಿಯಲ್ಲೆಲ್ಲ ರಕ್ತ ನುಗ್ಗಿತು.

"ಅಕ್ಕಾ, ಚಳಿ," ಎಂದ ಅವನು. ಮತ್ತೆ ಮಾತಾಡಲಿಲ್ಲ.

ಲಾರಿ ಚಾಲಕ ಕೆಳಗಿಳಿದು ಕೀಲಿಯನ್ನು ಚರಂಡಿಗೆ ಎಸೆದ. "ಇವರ ಮೇಲೆ ಹತ್ತಿಸೋ ಕೆಲಸ ನನ್ನ ಕೈಲಾಗಲ್ಲ," ಎಂದ.

ಆಸ್ಪತ್ರೆಯ ಮೇಲಧಿಕಾರಿ ವರಾಂಡದಿಂದಲೇ ಹೇಳಿದ: "ಮೊದಲು ಆ ಹೆಣ ತೆಗೀರಿ. ಪೊಲೀಸರು ಬರ್ತಿದಾರೆ."

ಅಕ್ಕ ತಮ್ಮನ ತಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದಳು. ಬಿದ್ದಿದ್ದ ಲಾಠಿ ತೆಗೆದುಕೊಂಡು ಲಾರಿಯ ಹಿಂಬದಿಯ ಕೊಂಡಿಗೆ ಬಾರಿಸಿದಳು. ಮೂರನೆಯ ಏಟಿಗೆ ಬಾಗಿಲು ಬಿತ್ತು.

"ಹೆಣ ಅಲ್ಲೇ ಇರಲಿ. ಮೊದಲು ಮಿಷನ್ ಇಳಿಸಿ," ಎಂದಳು. "ಇವತ್ತು ಇನ್ನೂ ಯಾರ್ಯಾರ ಸರದಿ ಇದೆ?"

ಮುದುಕಿ ಕೈಯೆತ್ತಿದಳು. ಪೊಲೀಸ್ ವ್ಯಾನಿನ ಸದ್ದು ಗೇಟಿಗೆ ಬರುವ ಹೊತ್ತಿಗೆ ಮೊದಲ ಯಂತ್ರ ಜನರ ಹೆಗಲ ಮೇಲಿತ್ತು. ತುಟಿ ಸೀಳಿದ ಸಂಶೋಧಕಿ ಅದರ ಒಂದು ತುದಿ ಹಿಡಿದಿದ್ದಳು.